ಧಾರಾವಾಹಿ ವೀಕ್ಷಣೆ: ವಾರದ ಕಂತು, ದಿನದ ಕಂತು, ಸತತ ವೀಕ್ಷಣೆ

ದೀರ್ಘ ಕಥೆಯೊಂದನ್ನು ಭಾಗಗಳಾಗಿ ಒಡೆದು, ಗೊತ್ತುಪಡಿಸಿದ ದಿನ ಮತ್ತು ವೇಳೆಗೆ ಒಂದೊಂದೇ ಭಾಗವನ್ನು ಬಿತ್ತರಿಸುವ ಕ್ರಮವನ್ನು ಕಂತು ಪ್ರಸಾರವೆಂದೂ, ಎಲ್ಲ ಭಾಗಗಳೂ ಒಮ್ಮೆಗೇ ಕೈಗೆಟುಕಿ ವೀಕ್ಷಕರು ಅವುಗಳಲ್ಲಿ ಹಲವನ್ನು ಒಂದೇ ಪಟ್ಟಿಗೆ ಕುಳಿತು ನೋಡುವ ರೂಢಿಯನ್ನು ಸತತ ವೀಕ್ಷಣೆ ಅಥವಾ ಬಿಂಜ್ ವಾಚಿಂಗ್ ಎಂದೂ ಕರೆಯಲಾಗುತ್ತದೆ. ಅಮೆರಿಕ ಮತ್ತು ಯುರೋಪುಗಳ ಚರ್ಚೆಯಲ್ಲಿ ಇವೆರಡೂ ಎದುರುಬದುರು ನಿಲ್ಲುವ ಪದ್ಧತಿಗಳು. ಕನ್ನಡ ದೂರದರ್ಶನದ ಚರಿತ್ರೆಯಲ್ಲಾದರೋ ಇವೆರಡರ ನಡುವೆ ದಿನವಹಿ ಕಂತು ಎಂಬ ಮೂರನೆಯದೊಂದು ಬಂದು ಕುಳಿತು, ವಾರದ ಕಂತನ್ನು ಹೆಚ್ಚುಕಡಿಮೆ ನುಂಗಿಹಾಕಿ, ಸತತ ವೀಕ್ಷಣೆಗೆ ಇಲ್ಲಿ ಬೇರೆಯದೇ ರೂಪ ಕೊಟ್ಟಿದೆ. ಕಥೆ ಯಾವ ವೇಗದಲ್ಲಿ ನಡೆಯಬೇಕೆಂಬುದನ್ನು ಕಥೆಗಾರನಿಗಿಂತ ಹೆಚ್ಚಾಗಿ ಅದಕ್ಕೆ ಹಣ ಹೂಡುವವರೇ ನಿರ್ಧರಿಸಿದ್ದಾರೆಂಬುದು ಈ ಚರಿತ್ರೆಯುದ್ದಕ್ಕೂ ಕಾಣುವ ಸಂಗತಿ.

ಕಂತಿನಲ್ಲಿ ಕೇಳುವುದೂ ಒಂದೇ ಪಟ್ಟಿಗೆ ನೋಡುವುದೂ ದೂರದರ್ಶನದೊಂದಿಗೆ ಹುಟ್ಟಿದ ಅಭ್ಯಾಸಗಳಲ್ಲ. ದೇವಸ್ಥಾನದ ಜಗಲಿಯಲ್ಲಿ ಕುಮಾರವ್ಯಾಸನ ಭಾರತವನ್ನು ದಿನಕ್ಕಿಷ್ಟು ಸಂಧಿಯಂತೆ ತಿಂಗಳುಗಟ್ಟಲೆ ಓದಿಸಿ ಅರ್ಥ ಹೇಳಿಸುತ್ತಿದ್ದ ಗಮಕ ವಾಚನ ಮೊದಲನೆಯದರ ಮಾದರಿಯಾದರೆ, ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಉಳಿದಿರುವ ‘ಕುರುಕ್ಷೇತ್ರ’ದಂಥ ಪೌರಾಣಿಕ ನಾಟಕ ಎರಡನೆಯದರ ಮಾದರಿ. ಹಾರ್ಮೋನಿಯಂ ಮೇಷ್ಟ್ರ ಕೈಯಲ್ಲಿ ತಿಂಗಳುಗಟ್ಟಲೆ ತಾಲೀಮು ನಡೆಸಿ, ಕೃಷ್ಣನಿಗೂ ದುರ್ಯೋಧನನಿಗೂ ಪಾತ್ರಧಾರಿಗಳೇ ಹಣ ತೆತ್ತು, ರಾತ್ರಿ ಊಟವಾದ ಮೇಲೆ ಆರಂಭಿಸಿ ಬೆಳಗಿನವರೆಗೆ ಆಡುವ ಈ ನಾಟಕವನ್ನು ಊರು ಕಂಬಳಿ ಹೊದ್ದು ಕುಳಿತು ಮುಗಿಯುವತನಕ ನೋಡುತ್ತದೆ. ಅಚ್ಚಿನ ಲೋಕದಲ್ಲಿ ವಾರದ ಲಯವನ್ನು ಗಟ್ಟಿಮಾಡಿದವು ವಾರಪತ್ರಿಕೆಗಳು. ‘ಪ್ರಜಾಮತ’, 1965ರಲ್ಲಿ ಆರಂಭವಾದ ‘ಸುಧಾ’, 1983ರ ‘ತರಂಗ’ ಮೊದಲಾದವು ಕಾದಂಬರಿಗಳನ್ನು ವಾರವಾರ ಪ್ರಕಟಿಸಿ, ಪ್ರಕರಣದ ಕೊನೆಯಲ್ಲಿ ‘ಮುಂದಿನ ವಾರಕ್ಕೆ’ ಎಂದು ನಿಲ್ಲಿಸುವುದನ್ನು ಓದುಗರಿಗೆ ಅಭ್ಯಾಸ ಮಾಡಿಸಿದ್ದವು. ಆ ಹಾಳೆಗಳನ್ನು ಪ್ರತಿ ವಾರ ಕಿತ್ತಿಟ್ಟು, ಕಾದಂಬರಿ ಮುಗಿದ ಮೇಲೆ ಹೊಲಿಸಿ ಒಂದೇ ಸಲಕ್ಕೆ ಓದುತ್ತಿದ್ದವರನ್ನು ಸತತ ವೀಕ್ಷಕರ ಪೂರ್ವಜರೆಂದು ಎಣಿಸಬಹುದು.

ಕರ್ನಾಟಕದ ಹಳ್ಳಿಗಳಿಗೆ ದೂರದರ್ಶನ ಮೊದಲು ಬಂದದ್ದು ಉಪಗ್ರಹ ಬೋಧನಾ ಪ್ರಯೋಗದ ಮೂಲಕ. ‘ಸೈಟ್’ ಎಂಬ ಹೆಸರಿನಲ್ಲಿ 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಈ ಪ್ರಯೋಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಒಳಗೊಂಡಿತ್ತು. ಕರ್ನಾಟಕದಲ್ಲಿ ಅದು ಉತ್ತರದ ಜಿಲ್ಲೆಗಳ ಪಾಲಾಗಿತ್ತು. ಒಂದು ಪೆಟ್ಟಿಗೆಯ ಮುಂದೆ ಊರೇ ಸೇರುವ ದೃಶ್ಯ ಅಲ್ಲಿ ಮೊದಲಾಯಿತಾದರೂ ಧಾರಾವಾಹಿಯ ಯುಗ ತೊಡಗಿದ್ದು 1984ರ ಜುಲೈ 7ರಂದು ರಾಷ್ಟ್ರೀಯ ಜಾಲದಲ್ಲಿ ‘ಹಮ್ ಲೋಗ್’ ಬಂದ ಮೇಲೆಯೇ. ಪ್ರಾಯೋಜಕರು ಕೊಡುವ ಹಣದಿಂದ ನಡೆಯುವ ಈ ವ್ಯವಸ್ಥೆಯಲ್ಲಿ ದೂರದರ್ಶನವು ಕಂತುಗಳನ್ನು 13, 26, 52ರ ಲೆಕ್ಕದಲ್ಲಿ ಮಂಜೂರು ಮಾಡುತ್ತಿತ್ತು. ಹದಿಮೂರು ವಾರವೆಂದರೆ ವರ್ಷದ ಕಾಲುಭಾಗ. ಬೆಂಗಳೂರು ಕೇಂದ್ರದ ಕನ್ನಡ ಧಾರಾವಾಹಿಗಳೂ ಇದೇ ಅಚ್ಚಿನಲ್ಲಿ ಎರಕಗೊಂಡವು. ‘ಸಿಹಿಕಹಿ’ಯಿಂದ ನಟ ಚಂದ್ರು ಅವರಿಗೆ ಅದೇ ಹೆಸರು ಅಂಟಿಕೊಂಡಿತು, ‘ಕ್ರೇಜಿ ಕರ್ನಲ್’ ನಗಿಸಿತು, ಸದಾನಂದ ಸುವರ್ಣರ ‘ಗುಡ್ಡದ ಭೂತ’ ತುಳುನಾಡಿನ ರಾತ್ರಿಯನ್ನು ಮೈಸೂರು ಸೀಮೆಯ ಮಕ್ಕಳ ನಿದ್ದೆಗೂ ತಂದಿತು.

ವಾರದ ಕಂತಿಗೆ ತಕ್ಕ ರಚನೆ ಹೇಗಿರಬೇಕೆಂಬುದಕ್ಕೆ 1986ರಲ್ಲಿ ತೆರೆಗೆ ಬಂದ ‘ಮಾಲ್ಗುಡಿ ಡೇಸ್’ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಆರ್. ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿ, ಶಂಕರ್ ನಾಗ್ ನಿರ್ದೇಶನದಲ್ಲಿ, ಬಹುಪಾಲು ಆಗುಂಬೆಯಲ್ಲಿ ಚಿತ್ರಿತವಾದ ಈ ಮಾಲಿಕೆಯ ಹೆಚ್ಚಿನ ಕಂತುಗಳಲ್ಲಿ ಕಥೆ ಅಲ್ಲಿಗೇ ಮುಗಿಯುತ್ತದೆ. ಒಂದು ವಾರ ಕರೆಂಟು ಹೋಗಿ ಕಂತು ತಪ್ಪಿದರೂ ಮುಂದಿನ ವಾರ ನೋಡುವವನಿಗೆ ನಷ್ಟವಿಲ್ಲ. 1987ರ ಜನವರಿ 25ರಂದು ಆರಂಭವಾದ ರಮಾನಂದ ಸಾಗರರ ‘ರಾಮಾಯಣ’ದ್ದು ಇದಕ್ಕೆ ವಿರುದ್ಧ ದಾರಿ. ಕಥೆ ಎಲ್ಲರಿಗೂ ಮೊದಲೇ ಗೊತ್ತಿದ್ದರಿಂದ ಮುಂದೇನು ಎಂಬ ಕುತೂಹಲಕ್ಕೆ ಅಲ್ಲಿ ಎಡೆಯೇ ಇರಲಿಲ್ಲ; ಆದರೂ ಭಾನುವಾರ ಬೆಳಗಿನ ಆ ಹೊತ್ತಿನಲ್ಲಿ ಬೀದಿಗಳು ಖಾಲಿಯಾಗುತ್ತಿದ್ದವು. ಕುತೂಹಲವಿಲ್ಲದೆಯೂ ಕಾಯುವಿಕೆ ಸಾಧ್ಯವೆಂದು ತೋರಿಸಿದ ಈ ಪ್ರಸಂಗವನ್ನು ಕಂತು ಪ್ರಸಾರದ ಬಗ್ಗೆ ಸಿದ್ಧಾಂತ ಕಟ್ಟುವವರು ಸಾಮಾನ್ಯವಾಗಿ ಗಣನೆಗೆ ತೆಗೆದುಕೊಳ್ಳುವುದಿಲ್ಲ.

1994ರಲ್ಲಿ ಹಿಂದಿಯ ‘ಶಾಂತಿ’ಯೊಂದಿಗೆ ದಿನವಹಿ ಧಾರಾವಾಹಿ ದೂರದರ್ಶನಕ್ಕೆ ಕಾಲಿಟ್ಟಿತು. ಅದೇ ವರ್ಷ ಉದಯ ಟಿವಿ, 2000ದ ಕೊನೆಗೆ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ, ಮರುವರ್ಷ ಸುವರ್ಣ ಹೀಗೆ ಖಾಸಗಿ ವಾಹಿನಿಗಳು ಒಂದರ ಹಿಂದೆ ಒಂದು ಬಂದವು. ಕನ್ನಡದಲ್ಲಿ ತಿರುವು ತಂದ ಕೃತಿಯಾದರೂ ದೂರದರ್ಶನದ್ದೇ: 1998ರಲ್ಲಿ ಟಿ. ಎನ್. ಸೀತಾರಾಮ್, ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಕೂಡಿ ನಿರ್ದೇಶಿಸಿದ ‘ಮಾಯಾಮೃಗ’. ಮಧ್ಯಮ ವರ್ಗದ ಮನೆಗಳ ದೈನಂದಿನ ಸಂಕಟವನ್ನು ದಿನದಿನವೂ ಹೇಳಿದ ಈ ಧಾರಾವಾಹಿ, ಕಥೆಯ ಕಾಲವನ್ನು ವೀಕ್ಷಕರ ಮನೆಯ ಕಾಲಕ್ಕೆ ಹೊಂದಿಸಿತು. ಪಾತ್ರಗಳು ಪಕ್ಕದ ಮನೆಯವರಂತಾದವು, ಅವರ ಸುದ್ದಿ ದಿನವೂ ಬರಬೇಕಾಯಿತು. ಮುಂದೆ ‘ಮನ್ವಂತರ’, ‘ಮುಕ್ತ’ಗಳಲ್ಲಿ ಸೀತಾರಾಮ್ ಇದೇ ಜಾಡಿನಲ್ಲಿ ನ್ಯಾಯಾಲಯದ ವಾದವಿವಾದವನ್ನು ಹಲವು ದಿನ ಎಳೆದು ನಿಲ್ಲಿಸುವ ಕಲೆಯನ್ನು ಬೆಳೆಸಿದರು.

ದಿನವಹಿ ಕಂತಿಗೆ ತನ್ನದೇ ವ್ಯಾಕರಣವುಂಟು. ಅರ್ಧ ಗಂಟೆಯ ವೇಳೆಯಲ್ಲಿ ಜಾಹೀರಾತು ಕಳೆದು ಉಳಿಯುವುದು ಇಪ್ಪತ್ತು ನಿಮಿಷಕ್ಕೆ ತುಸು ಹೆಚ್ಚು. ಬಾಗಿಲಲ್ಲಿ ನಿಂತವರ ಮುಖದ ಮೇಲೆ ಕ್ಯಾಮೆರಾ ಮೂರು ಬಾರಿ ನುಗ್ಗಿ, ಮನೆಯ ಒಬ್ಬೊಬ್ಬರ ಬೆರಗನ್ನೂ ತೋರಿಸಿ, ಸಿಡಿಲಿನಂಥ ಸದ್ದಿನೊಂದಿಗೆ ಕಂತು ನಿಲ್ಲುತ್ತದೆ. ಮರುದಿನದ ಕಂತು ಅದೇ ಬಾಗಿಲಿನಿಂದ, ಅದೇ ಮುಖಗಳಿಂದ ಶುರುವಾಗುತ್ತದೆ. ವಾರಾಂತ್ಯದ ಬಿಡುವು ದಾಟಿಸಬೇಕಾದ ಕಂತಿನ ಕೊನೆಗೆ ಎಲ್ಲಕ್ಕಿಂತ ದೊಡ್ಡ ಗಂಟು. ಹಬ್ಬಕ್ಕೆ ಒಂದು ಗಂಟೆಯ ‘ಮಹಾಸಂಚಿಕೆ’, ಎರಡು ಧಾರಾವಾಹಿಗಳ ಪಾತ್ರಗಳು ಒಂದೇ ಮದುವೆಮನೆಯಲ್ಲಿ ಸೇರುವ ‘ಮಹಾಸಂಗಮ’. ವೀಕ್ಷಕರ ಪ್ರಮಾಣವನ್ನು ಸೂಚಿಸುವ ಅಂಕವಾದ ಟಿಆರ್‌ಪಿ ಗುರುವಾರ ಹೊರಬೀಳುತ್ತದೆ, ಅದನ್ನು ನೋಡಿ ಕಥೆಯ ದಿಕ್ಕು ಬದಲಾಗುತ್ತದೆ. ಹೀಗೆ ವಾರವೆಂಬ ಘಟಕ ಪರದೆಯಿಂದ ಮರೆಯಾದರೂ ವಾಹಿನಿಯ ಕಚೇರಿಯಲ್ಲಿ ಉಳಿದುಕೊಂಡಿತು. ಅಂಕ ಇರುವವರೆಗೆ ಕಥೆ ಮುಗಿಯಬಾರದೆಂಬ ಈ ನಿಯಮ ಧಾರಾವಾಹಿಗೆ ಅಂತ್ಯವನ್ನೇ ಇಲ್ಲವಾಗಿಸಿತೆಂಬುದು ಅದರ ಮೇಲಿನ ನ್ಯಾಯವಾದ ಆಕ್ಷೇಪ. ಅಂತ್ಯವಿಲ್ಲದ ಕಥೆಯನ್ನು ಒಂದೇ ಪಟ್ಟಿಗೆ ನೋಡಿ ಮುಗಿಸುವುದೆಂತು?

ಪೂರ್ಣ ಮಾಲಿಕೆಯನ್ನು ಒಂದೇ ದಿನ ಬಿಡುಗಡೆ ಮಾಡುವ ಕ್ರಮವನ್ನು ಜಗತ್ತಿನಾದ್ಯಂತ ರೂಢಿಗೆ ತಂದದ್ದು ನೆಟ್‌ಫ್ಲಿಕ್ಸ್. 2013ರ ಫೆಬ್ರುವರಿ 1ರಂದು ಅದು ‘ಹೌಸ್ ಆಫ್ ಕಾರ್ಡ್ಸ್’ನ 13 ಕಂತುಗಳನ್ನು ಒಟ್ಟಿಗೆ ಬಿಟ್ಟಿತು. ಜಾಹೀರಾತಿನ ಬದಲು ತಿಂಗಳ ಚಂದಾ ನಂಬಿದ್ದ ಸಂಸ್ಥೆಗೆ ಕಾಯಿಸುವುದರಿಂದ ಆಗ ಲಾಭವಿರಲಿಲ್ಲ. ಒಂದೇ ವಾರಾಂತ್ಯದಲ್ಲಿ ನೋಡಿ ಮುಗಿಸಿದವರು ಮರುತಿಂಗಳೇ ಚಂದಾ ನಿಲ್ಲಿಸುವ ಸಾಧ್ಯತೆ ಅರಿವಾದಂತೆ ಹಿಮ್ಮುಖ ಚಲನೆಯೂ ಆರಂಭವಾಯಿತು: ಡಿಸ್ನಿ 2019ರಲ್ಲಿ ‘ದಿ ಮ್ಯಾಂಡಲೋರಿಯನ್’ಅನ್ನು ವಾರವಾರ ಕೊಟ್ಟಿತು, ಅಮೆಜಾನ್ 2020ರಲ್ಲಿ ‘ದಿ ಬಾಯ್ಸ್’ನ ಎರಡನೆಯ ಸರಣಿಯ ಮೂರು ಕಂತುಗಳನ್ನು ಮೊದಲು ಬಿಟ್ಟು ಉಳಿದವನ್ನು ವಾರಕ್ಕೊಂದರಂತೆ ಹಂಚಿತು, ನೆಟ್‌ಫ್ಲಿಕ್ಸ್ ತಾನೇ 2022ರಲ್ಲಿ ‘ಸ್ಟ್ರೇಂಜರ್ ಥಿಂಗ್ಸ್’ಅನ್ನು ಎರಡು ಪಾಲು ಮಾಡಿತು.

ಅಂತರಜಾಲದ ಮೂಲಕ ನೇರವಾಗಿ ಒದಗುವ ಇಂಥ ಸೇವೆಗಳನ್ನು ಓಟಿಟಿ ಎನ್ನುತ್ತಾರೆ. ನೆಟ್‌ಫ್ಲಿಕ್ಸ್ ಭಾರತಕ್ಕೆ ಬಂದದ್ದು 2016ರ ಜನವರಿಯಲ್ಲಿ. ಅದೇ ಸೆಪ್ಟೆಂಬರ್‌ನಲ್ಲಿ ಜಿಯೋ ಆರಂಭವಾಗಿ ಡೇಟಾ ಅಗ್ಗವಾದದ್ದು ಕನ್ನಡ ವೀಕ್ಷಕರ ಮಟ್ಟಿಗೆ ಅದಕ್ಕಿಂತ ದೊಡ್ಡ ಘಟನೆ. ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆ ಕೈಗಾರಿಕಾ ಪ್ರದೇಶದಂಥ ಕಡೆ, ಪಾಳಿಯ ಮೇಲೆ ದುಡಿಯುವವರಿಗೆ ಸಂಜೆ ಏಳೂವರೆ, ಎಂಟು ಗಂಟೆಯ ಧಾರಾವಾಹಿ ಎಂದೂ ಸರಿಯಾಗಿ ಸಿಗುವಂಥದಾಗಿರಲಿಲ್ಲ. ಎರಡನೆಯ ಪಾಳಿಯವರು ಮನೆ ಸೇರುವ ಹೊತ್ತಿಗೆ ಅದು ಮುಗಿದಿರುತ್ತಿತ್ತು. ಮೊಬೈಲಿಗೆ ಕಂತು ಬಂದ ಮೇಲೆ ವಾರದ ಐದಾರು ಕಂತುಗಳನ್ನು ರಜೆಯ ದಿನ ಒಟ್ಟಿಗೆ, ಹಿಂದಿನ ದಿನದ ಮುಖಗಳ ಪುನರಾವರ್ತನೆಯನ್ನು ಬೆರಳಿನಿಂದ ಹಾರಿಸುತ್ತ ನೋಡುವುದು ಸಾಧ್ಯವಾಯಿತು. ಕನ್ನಡದ ಜೊತೆಗೆ ತೆಲುಗು, ತಮಿಳೂ ಕಿವಿಗೆ ಬೀಳುವ ಈ ಸೀಮೆಯಲ್ಲಿ ಅನ್ಯಭಾಷೆಯ ಮಾಲಿಕೆಗಳಿಗೂ ದಾರಿ ಸುಲಭವಾಯಿತು. ಇನ್ನೊಂದು ತುದಿಯಲ್ಲಿ, ಜೀ5ನಂಥ ಸೇವೆಗಳು ದಿನದ ಕಂತನ್ನು ಟಿವಿಗಿಂತ ಮೊದಲೇ ಚಂದಾದಾರರಿಗೆ ಕೊಡತೊಡಗಿದವು: ಕಾಯದಿರುವುದೂ ಮಾರಾಟದ ಸರಕಾಯಿತು.

2020ರ ಲಾಕ್‌ಡೌನ್ ಒಂದೇ ಕೃತಿಯನ್ನು ಎರಡು ವೇಗಗಳಲ್ಲಿ ಪರೀಕ್ಷಿಸುವ ಅವಕಾಶ ಒದಗಿಸಿತು. ಹಿಂದೆ ಒಂದೂವರೆ ವರ್ಷ ನಡೆದಿದ್ದ ‘ರಾಮಾಯಣ’ವನ್ನು ದೂರದರ್ಶನ ಮಾರ್ಚ್ 28ರಿಂದ ದಿನಕ್ಕೆರಡು ಹೊತ್ತು ಮರುಪ್ರಸಾರ ಮಾಡಿ ಮೂರು ವಾರಗಳಲ್ಲಿ ಮುಗಿಸಿತು, ಆಗಲೂ ಜನ ನೋಡಿದರು. ಕನ್ನಡ ವಾಹಿನಿಗಳಲ್ಲಿ ಚಿತ್ರೀಕರಣ ನಿಂತು, ಮುಂಗಡವಾಗಿ ಕೂಡಿಟ್ಟ ಕಂತುಗಳು ಬೇಗನೆ ಬರಿದಾದವು. ಡಬ್ಬಿಂಗ್‌ಗೆ ದಶಕಗಳಿಂದ ಇದ್ದ ವಿರೋಧ ಅಷ್ಟರಲ್ಲಿ ಸಡಿಲಗೊಂಡಿದ್ದುದರಿಂದ ಸ್ಟಾರ್ ಸುವರ್ಣದಲ್ಲಿ ‘ಮಹಾಭಾರತ’ ಕನ್ನಡದಲ್ಲಿ ಬಂತು. ಕನ್ನಡಿಗರೇ ಕನ್ನಡದ ನೆಲದಲ್ಲಿ ತೆಗೆದ ‘ಮಾಲ್ಗುಡಿ ಡೇಸ್’ ಜೀ ಕನ್ನಡದಲ್ಲಿ ಕನ್ನಡ ಮಾತಾಡಿದ್ದೂ ಆ ಬೇಸಿಗೆಯಲ್ಲೇ. ‘ಮಾಯಾಮೃಗ’ದ ಹಳೆಯ ಕಂತುಗಳು ಯೂಟ್ಯೂಬ್‌ಗೆ ಬಂದು ಹೊಸ ತಲೆಮಾರನ್ನು ತಲುಪಿದವು; 2022ರಲ್ಲಿ ಸಿರಿ ಕನ್ನಡ ವಾಹಿನಿಯಲ್ಲಿ ‘ಮತ್ತೆ ಮಾಯಾಮೃಗ’ ಆರಂಭವಾಯಿತು. ಕನ್ನಡದಲ್ಲಿ ಸತತ ವೀಕ್ಷಣೆಯೆಂದರೆ ಬಹುಮಟ್ಟಿಗೆ ಹೀಗೆ ಹಳೆಯದನ್ನು ಒಟ್ಟಿಗೆ ನೋಡುವುದೇ ಆಗಿದೆ.

ಒಟ್ಟಿಗೆ ನೋಡಲೆಂದೇ ರಚಿಸಿದ ಕನ್ನಡ ವೆಬ್ ಸರಣಿಗಳು ಬೆರಳೆಣಿಕೆಯವು. 2017ರ ‘ಲೂಸ್ ಕನೆಕ್ಷನ್’ ಮೊದಮೊದಲ ಪ್ರಯತ್ನಗಳಲ್ಲೊಂದು. 2022ರಲ್ಲಿ ವೂಟ್‌ನಲ್ಲಿ ‘ಹಂಬಲ್ ಪೊಲಿಟಿಷಿಯನ್ ನೊಗರಾಜ್’ ಬಂತು. ರಕ್ಷಿತ್ ಶೆಟ್ಟಿ ಅವರ ಪರಂವಃ ಸಂಸ್ಥೆ ಅರ್ಪಿಸಿದ, ಕರಾವಳಿಯ ಏಳು ಕಥೆಗಳ ‘ಏಕಂ’ ಸಿದ್ಧವಾಗಿದ್ದರೂ ದೊಡ್ಡ ಓಟಿಟಿಗಳಲ್ಲಿ ಜಾಗ ಸಿಗದೆ, 2024ರ ಜುಲೈನಲ್ಲಿ ಅದಕ್ಕೆಂದೇ ತೆರೆದ ಸ್ವಂತ ಜಾಲತಾಣದಲ್ಲಿ ಬಿಡುಗಡೆಯಾಯಿತು. ತೆಲುಗು, ತಮಿಳು, ಮಲಯಾಳಗಳಲ್ಲಿ ಹಣ ಹೂಡಿದ ಸೇವೆಗಳು ಕನ್ನಡದ ಬಾಗಿಲಲ್ಲಿ ಹಿಂಜರಿದು ನಿಂತುದಕ್ಕೆ ಕನ್ನಡ ವೀಕ್ಷಕರು ಇತರ ಭಾಷೆಗಳಲ್ಲೂ ನೋಡಬಲ್ಲರೆಂಬ ಲೆಕ್ಕಾಚಾರವೇ ಮುಖ್ಯ ಕಾರಣವೆಂದು ತೋರುತ್ತದೆ. 2025ರ ಏಪ್ರಿಲ್‌ನಲ್ಲಿ ಜೀ5 ‘ಅಯ್ಯನ ಮನೆ’ಯನ್ನು ಬಿಡುಗಡೆ ಮಾಡಿತು. ಅದರ ನಿರ್ದೇಶಕ ರಮೇಶ್ ಇಂದಿರಾ, ನಿರ್ಮಾಪಕಿ ಶ್ರುತಿ ನಾಯ್ಡು ಇಬ್ಬರೂ ದಿನವಹಿ ಧಾರಾವಾಹಿಗಳಲ್ಲಿ ಪಳಗಿದವರು.