ಮ್ಯೂನಿಕ್ಕಿನ ಬಸ್ಸು, ಬೆಂಗಳೂರಿನ ಮೃದಂಗ

ಮುಳಬಾಗಿಲಿನಿಂದ ಬೆಂಗಳೂರಿಗೆ ಬಸ್ಸಲ್ಲಿ ಓಡಾಡೋ ನನ್ನಂಥವರಿಗೆ ಹೆಡ್‌ಫೋನೇ ದೇವರು. ಇಂಜಿನಿಯರಿಂಗ್ ಓದುವಾಗ ಒಂದಿನ, ಕೋಲಾರ ದಾಟಿ ನರಸಾಪುರ ಬರೋಷ್ಟರಲ್ಲಿ, ‘ಎಂಬ್ರಿಯೋ’ ಅನ್ನೋ ಜರ್ಮನ್ ರಾಕ್ ತಂಡವನ್ನು ಕೇಳ್ತಾ ಇದ್ದೆ. ನಡುವೆ ನಮ್ಮ ಮೃದಂಗ! ಆಲ್ಬಂ ಹೆಸರು ‘ಲೈಫ್’, 1980ರದ್ದು. ಜೊತೆಗಿದ್ದವರು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್.

ಎಂಬ್ರಿಯೋ ಹುಟ್ಟಿದ್ದು 1969ರಲ್ಲಿ, ಮ್ಯೂನಿಕ್ಕಿನಲ್ಲಿ. ಕಟ್ಟಿದವರಲ್ಲಿ ಮುಖ್ಯರಾದವರು ಕ್ರಿಶ್ಚಿಯನ್ ಬುರ್ಖಾರ್ಡ್. 1978ರಲ್ಲಿ ಇವರು ವಾದ್ಯಗಳನ್ನೆಲ್ಲ ಬಸ್ಸಿಗೆ ತುಂಬಿಕೊಂಡು ಅಫ್ಘಾನಿಸ್ತಾನದ ಮೇಲೆ ರಸ್ತೆಯಲ್ಲೇ ಭಾರತಕ್ಕೆ ಬಂದುಬಿಟ್ಟರು. ದಾರಿಯಲ್ಲಿ ಸಿಕ್ಕವರ ಜೊತೆ ನುಡಿಸಿದ್ದು ‘ಎಂಬ್ರಿಯೋಸ್ ರೈಸೆ’ ಅನ್ನೋ ಜೋಡಿ ಎಲ್‌ಪಿ ಆಯ್ತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿ, ವರ್ಷದ ಕೊನೆಗೆ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೈನ್ಯ. ಆ ದಾರಿ ಅಲ್ಲಿಗೆ ಮುಗೀತು.

ಈ ಕಥೆ ಹೇಳುವವರೆಲ್ಲ ಬಿಳಿಯರ ಬಸ್ಸಿನ ಬಗ್ಗೆಯೇ ಹೇಳ್ತಾರೆ. ನಂಗೆ ಅದೇ ಕಿರಿಕಿರಿ. ಟಿ.ಎ.ಎಸ್. ಮಣಿ ಬೆಂಗಳೂರಲ್ಲಿ ತಾಳವಾದ್ಯಗಳಿಗೇ ಅಂತ ಈ ಕಾಲೇಜು ಶುರು ಮಾಡಿದ್ದು 1964ರಲ್ಲಿ, ಎಂಬ್ರಿಯೋ ಹುಟ್ಟೋಕೆ ಐದು ವರ್ಷ ಮೊದಲು! ಬಸ್ಸು ವಾಪಸ್ ಹೋದ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ಎಂಬ್ರಿಯೋದಿಂದ ಒಡೆದು ಹುಟ್ಟಿದ ‘ಡಿಸಿಡೆಂಟೆನ್’ ತಂಡದ ‘ಜರ್ಮನಿಸ್ತಾನ್’ (1982) ಆಲ್ಬಂನಲ್ಲೂ ಅವರಿದ್ದಾರೆ. 1983ರಲ್ಲಿ ಚಾರ್ಲಿ ಮರಿಯಾನೋ ಜೊತೆ ‘ಜ್ಯೋತಿ’. ಅದರಲ್ಲಿ ಮಣಿಯವರ ಪತ್ನಿ ಆರ್.ಎ. ರಮಾಮಣಿಯವರ ದನಿ, ಮಣಿಯವರ ಮೃದಂಗ, ಜೊತೆಗೆ ಘಟ, ಖಂಜಿರ. ಗಿಟಾರೂ ಇಲ್ಲ, ಡ್ರಮ್ಸೂ ಇಲ್ಲ. ಮೊದಲು ಅದನ್ನೇ ಕೇಳಿ ಅಂತ ನನ್ನ ಶಿಫಾರಸು.

ಈ ಮರಿಯಾನೋ ಅಮೆರಿಕದ ಸ್ಯಾಕ್ಸೊಫೋನ್ ವಾದಕರು, ಹಿಂದೆ ಎಂಬ್ರಿಯೋ ಜೊತೆ ನುಡಿಸಿದ್ದವರು. ನಾಗಸ್ವರಕ್ಕೆ ಮನಸೋತು ಭಾರತಕ್ಕೆ ಬಂದು ಕಲಿತರು. ನಾನೋ, ಓಲಗದ ಸದ್ದಲ್ಲೇ ಬೆಳೆದರೂ ಮದುವೆ ಮನೇಲಿ ಓಲಗದವರಿಂದ ದೂರದ ಕುರ್ಚಿ ಹುಡುಕ್ತಿದ್ದವನು!

ಕಾಲೇಜಿನ ಅಷ್ಟೂ ವರ್ಷ ವಾರವಾರ ಬೆಂಗಳೂರಲ್ಲಿ ಇಳಿಯುತ್ತಿದ್ದೆ. ಮಣಿಯವರನ್ನು ನೋಡಬೇಕು, ಆ ದಿನಗಳ ಬಗ್ಗೆ ಕೇಳಬೇಕು ಅಂತ ಪ್ರತಿ ಸಲ ಅನ್ಕೊಂಡು, ಸೆಮಿಸ್ಟರ್ ಮುಗೀಲಿ, ಕೆಲಸ ಸಿಗಲಿ ಅಂತ ಮುಂದೆ ಹಾಕಿದೆ. 2020ರಲ್ಲಿ ಅವರು ಹೋಗಿಬಿಟ್ಟರು. ಬುರ್ಖಾರ್ಡ್ 2018ರಲ್ಲಿ, ಮರಿಯಾನೋ 2009ರಲ್ಲೇ.

ಕಳೆದ ಬೇಸಿಗೇಲಿ ಶ್ರೀನಿವಾಸಪುರದ ಅಜ್ಜಿ ಮನೇಲಿ ‘ಜ್ಯೋತಿ’ ಹಾಕಿದ್ದೆ. ಮಾವಿನಹಣ್ಣು ಹೆಚ್ಚುತ್ತಿದ್ದ ಅಜ್ಜಿ ಕೈ ನಿಲ್ಲಿಸಿ ಸ್ಯಾಕ್ಸೊಫೋನ್ ಕೇಳಿದರು.

"ಓಲಗದವರು ಯಾವೂರೋರಪ್ಪಾ, ಮಾಲೂರೋರಾ?"