ಕಾಲೇಜಿನ ಹೊಸ್ತಿಲಲ್ಲಿ ಹಳ್ಳಿಯ ವಿದ್ಯಾರ್ಥಿ

ಪ್ರತಿವರ್ಷವೂ ಕಾಲೇಜುಗಳು ಆರಂಭವಾಗುವ ದಿನಗಳಲ್ಲಿ ಹಿರಿಯರ ಬಾಯಿಂದ ಒಂದು ಮಾತು ಕೇಳಿಬರುವುದುಂಟು: ಈಗ ಬರುವ ವಿದ್ಯಾರ್ಥಿಗಳಿಗೆ ತಕ್ಕ ಪೂರ್ವಸಿದ್ಧತೆಯಿಲ್ಲ, ವಿದ್ಯೆಯಲ್ಲಿ ಶ್ರದ್ಧೆಯಿಲ್ಲ, ಹೆತ್ತವರು ಬೆವರು ಸುರಿಸಿ ಗಳಿಸಿದ ಹಣದ ಬೆಲೆ ಅವರಿಗೆ ತಿಳಿಯದು. ಈ ಮಾತಿನಲ್ಲಿ ಸತ್ಯಾಂಶವಿರಬಹುದು. ಆದರೆ ಸಿದ್ಧತೆ, ಹಣ, ಮನೋಭಾವ ಎಂಬ ಈ ಮೂರೂ ಬೇರೆಬೇರೆಯಲ್ಲ. ಒಂದೇ ಹಗ್ಗದ ಮೂರು ಎಳೆಗಳು. ಇದನ್ನು ಮನಗಾಣಬೇಕಾದರೆ ನಮ್ಮ ನಾಡಿನ ಹಳ್ಳಿಯ ಹುಡುಗನು ಕಾಲೇಜಿನ ಮೆಟ್ಟಿಲೇರಿದ ಇತಿಹಾಸವನ್ನು ಒಮ್ಮೆ ಹಿಂತಿರುಗಿ ನೋಡುವುದು ಉಚಿತ.

1857ರಲ್ಲಿ ಮುಂಬಯಿ ಮತ್ತು ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪನೆಗೊಂಡವು. ಅವುಗಳ ಪ್ರವೇಶದ್ವಾರವೇ ಮೆಟ್ರಿಕ್ಯುಲೇಷನ್ ಪರೀಕ್ಷೆ. ಆ ದ್ವಾರದ ಕೀಲಿಕೈ ಇಂಗ್ಲಿಷ್ ಭಾಷೆ. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದ ಬುದ್ಧಿವಂತ ಬಾಲಕನು ಮುಂಬಯಿ ಕರ್ನಾಟಕದಲ್ಲಿ ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಶಾಲಾಮಾಸ್ತರನಾಗಬಹುದಾಗಿತ್ತು. ಮನೆಗೆ ನಾಲ್ಕು ಕಾಸು ಬರುತ್ತಿತ್ತು. ಮುಂದೆ ಓದಬೇಕೆಂದರೆ ಪಟ್ಟಣದ ಇಂಗ್ಲಿಷ್ ಶಾಲೆಯಲ್ಲಿ ಹಲವು ವರ್ಷ ಕಳೆಯಬೇಕು; ಗಳಿಕೆಯ ಬದಲು ಖರ್ಚು. ಆದುದರಿಂದ ಎಷ್ಟೋ ಪ್ರತಿಭೆಗಳ ಪಯಣ ಮುಲ್ಕಿಯಲ್ಲಿಯೇ ಕೊನೆಗೊಂಡಿತು. ಕೊರತೆಯಿದ್ದುದು ಬುದ್ಧಿಗಲ್ಲ, ಆ ವರ್ಷಗಳನ್ನು ದಾಟಿಸುವ ಅನ್ನಕ್ಕೆ.

ಮೆಟ್ರಿಕ್ ಮುಗಿಸಿದವನ ಕಷ್ಟ ಇನ್ನೊಂದು ಬಗೆಯದು. ಧಾರವಾಡ, ಬೆಳಗಾವಿ, ವಿಜಾಪುರಗಳ ಯುವಕನು ಪದವಿಗಾಗಿ ಪುಣೆಯ ಡೆಕ್ಕನ್ ಕಾಲೇಜಿಗೋ ಫರ್ಗ್ಯುಸನ್ ಕಾಲೇಜಿಗೋ, ಕೊಲ್ಲಾಪುರದ ರಾಜಾರಾಮ ಕಾಲೇಜಿಗೋ ಹೋಗಬೇಕಾಗಿತ್ತು. ಊರು ಪರದೇಶ, ಬೀದಿಯ ಮಾತು ಮರಾಠಿ, ತರಗತಿಯ ಮಾತು ಇಂಗ್ಲಿಷ್. ಶುಲ್ಕ, ಊಟ, ಪುಸ್ತಕ, ರೈಲಿನ ದರ ಎಲ್ಲವೂ ಹೊಲದ ಪೈರನ್ನೇ ನೆಚ್ಚಿದ್ದವು. ಮಳೆ ಕೈಕೊಟ್ಟ ವರ್ಷ ಓದೂ ಕೈಬಿಡುತ್ತಿತ್ತು. ಸಾಲ ಮಾಡಿ ಕಳುಹಿಸಿದ ತಂದೆಗೆ ವಿದ್ಯೆಯೆಂದರೆ ಸರಕಾರಿ ನೌಕರಿ; ಮಗನಿಗೂ ಅದೇ ಗುರಿ. ಇದನ್ನು ವಿದ್ಯಾಪ್ರೀತಿಯ ಅಭಾವವೆಂದು ಹಳಿಯುವುದು ಸುಲಭ. ಆದರೆ ಅಡವಿಟ್ಟ ಹೊಲವನ್ನು ಬಿಡಿಸಿಕೊಳ್ಳಬೇಕಾದವನಿಗೆ ಜ್ಞಾನಕ್ಕಾಗಿ ಜ್ಞಾನವೆಂಬ ಆದರ್ಶ ದೂರದ ಬೆಟ್ಟವೇ ಸರಿ.

ಈ ಸ್ಥಿತಿಯನ್ನು ಕಂಡು ಮರುಗಿದ ಮಹನೀಯರು ಕೇವಲ ಮರುಗಿ ಸುಮ್ಮನಾಗಲಿಲ್ಲ. ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ಧಪ್ಪನವರು ಮೊದಲಾದವರು 1883ರಲ್ಲಿ ಧಾರವಾಡದಲ್ಲಿ ವಿದ್ಯಾಭಿವೃದ್ಧಿಗಾಗಿ ನಿಧಿ ಕೂಡಿಸಲು ಮುಂದಾದರು. 1906ರಲ್ಲಿ ಲಿಂಗೈಕ್ಯರಾದ ಸಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ವಿದ್ಯಾರ್ಥಿಗಳ ಓದಿಗೆ ಮೀಸಲಿಟ್ಟರು. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಏಳು ಮಂದಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಇಲ್ಲಿ ವಾಚಕರು ಗಮನಿಸಬೇಕಾದ ಒಂದು ಸಂಗತಿಯಿದೆ. ಅವರು ಮೊದಲು ತೆರೆದುದು ಕಾಲೇಜನ್ನಲ್ಲ, ಶಾಲೆಯನ್ನು. ಅವರ ಲಿಂಗರಾಜ ಕಾಲೇಜು ಪ್ರಾರಂಭವಾದುದು 1933ರಲ್ಲಿ, ಅಂದರೆ ಹದಿನೇಳು ವರ್ಷಗಳ ತರುವಾಯ. ಕಾಲೇಜಿಗೆ ಬರುವವನ ಸಿದ್ಧತೆ ಕಾಲೇಜಿನ ಬಾಗಿಲಲ್ಲಿ ಹುಟ್ಟುವುದಿಲ್ಲ; ಅದಕ್ಕೆ ಬಹಳ ಹಿಂದಿನಿಂದಲೇ ಉತ್ತು ಬಿತ್ತಬೇಕು. ಈ ತಿಳಿವಳಿಕೆ ಅವರ ನಡೆಯಲ್ಲಿಯೇ ಕಾಣುತ್ತದೆ. ಈ ಮಧ್ಯೆ 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಗಿ ಪುಣೆಯ ದಾರಿಯನ್ನು ಹತ್ತಿರ ಮಾಡಿತು. ಗೋಕಾಕ ಸೀಮೆಯ ಹಳ್ಳಿಯಿಂದ ಬಂದ ಡಿ. ಸಿ. ಪಾವಟೆಯವರು ಅಲ್ಲಿ ಗಣಿತವನ್ನೋದಿ, ಕೇಂಬ್ರಿಜ್‌ನಲ್ಲಿ ರ‍್ಯಾಂಗ್ಲರ್ ಆಗಿ, 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾದರು. ದಾರಿ ಹತ್ತಿರವಾದಾಗ ಹಳ್ಳಿಯ ಬುದ್ಧಿ ಎಷ್ಟು ದೂರ ನಡೆಯಬಲ್ಲದೆಂಬುದಕ್ಕೆ ಇದೇ ಸಾಕ್ಷಿ.

ಮೈಸೂರು ಸಂಸ್ಥಾನದಲ್ಲಿ 1916ರಲ್ಲಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಹಿಂದುಳಿದ ಜನವರ್ಗಗಳ ಸ್ಥಿತಿಯನ್ನು ಪರಿಶೀಲಿಸಲು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೂ ನೇಮಕಗೊಂಡಿತು. ಆದರೆ ಕಾಲೇಜು ಇದ್ದರಷ್ಟೇ ಸಾಲದು. ನಗರದಲ್ಲಿ ತಲೆಯ ಮೇಲೊಂದು ಸೂರು ಬೇಕು. ಅದನ್ನರಿತ ರಾವಬಹದ್ದೂರ್ ಗುಬ್ಬಿ ತೋಟದಪ್ಪನವರು ಬೆಂಗಳೂರಿನಲ್ಲಿ ಧರ್ಮಛತ್ರದೊಡನೆ ಉಚಿತ ವಿದ್ಯಾರ್ಥಿ ನಿಲಯಕ್ಕೂ ಆಸರೆಯಾದರು. ಮಾಗಡಿ ಸೀಮೆಯ ವೀರಾಪುರದ ಒಬ್ಬ ತರುಣರು ಆ ನಿಲಯದಲ್ಲಿದ್ದುಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. 1930ರಲ್ಲಿ ವಿರಕ್ತಾಶ್ರಮ ಸ್ವೀಕರಿಸಿ, ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತು, 2019ರಲ್ಲಿ ಲಿಂಗೈಕ್ಯರಾದ ಪೂಜ್ಯ ಶ್ರೀ ಶಿವಕುಮಾರ ಸ್ವಾಮಿಗಳವರೇ ಅವರು. ಒಂದು ನಿಲಯದಲ್ಲಿ ಉಂಡ ಅನ್ನವು ಇನ್ನೊಂದೆಡೆ ಸಾವಿರ ಎಲೆಗಳಾಗಿ ಹರಡಿತು.

ನೆರವಿನ ರೀತಿಯೇ ನೆರವು ಪಡೆದವನ ಮನಸ್ಸನ್ನು ರೂಪಿಸುತ್ತದೆ. ವಾರಾನ್ನದ ಹುಡುಗನು ದಿನಕ್ಕೊಂದು ಮನೆಯಲ್ಲಿ ಉಣ್ಣುತ್ತಿದ್ದ. ಹೊಟ್ಟೆ ತುಂಬಿದರೂ ಸಂಕೋಚ ಉಳಿಯುತ್ತಿತ್ತು. ಸಾಲರೂಪದ ವಿದ್ಯಾರ್ಥಿವೇತನವು ಸಂಕೋಚವನ್ನು ಹೊಣೆಯಾಗಿ ಮಾರ್ಪಡಿಸಿತು. ತಾನು ಮರಳಿಸಿದ ಹಣದಿಂದ ಹಿಂದೆ ಬರುವವನೊಬ್ಬ ಓದುವನೆಂಬ ಅರಿವು ಅದರಲ್ಲಿತ್ತು. ಮಠಗಳ ಪ್ರಸಾದನಿಲಯಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಭಕ್ತರ ಮನೆಯ ಜೋಳ, ರಾಗಿ, ಬೇಳೆಗಳು ಅಲ್ಲಿ ಪ್ರಸಾದವಾದವು. ಕಸ ಗುಡಿಸಿ, ನೀರು ಹೊತ್ತು, ಪಂಕ್ತಿಯಲ್ಲಿ ಬಡಿಸಿ ಓದಿದವನು ಭಿಕ್ಷುಕನಾಗಲಿಲ್ಲ; ದಾಸೋಹದಲ್ಲಿ ಪಾಲುಗಾರನಾದ. ಸುತ್ತೂರಿನ ಪೂಜ್ಯ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು 1941ರಲ್ಲಿ ಮೈಸೂರಿನಲ್ಲಿ ಮೊದಲು ತೆರೆದುದೂ ವಿದ್ಯಾರ್ಥಿ ನಿಲಯವನ್ನೇ. ವಿದ್ಯಾಪೀಠ ಬಂದುದು 1954ರಲ್ಲಿ.

ಆದರೆ ಇತಿಹಾಸವನ್ನು ಬರೆಯುವಾಗ ಸ್ತುತಿಯೊಂದೇ ಸಲ್ಲದು. ಆರಂಭದ ನಿಲಯಗಳಲ್ಲಿ ಬಹುಪಾಲು ಆಯಾ ಸಮುದಾಯದ ಗಂಡುಮಕ್ಕಳಿಗಾಗಿ ಹುಟ್ಟಿದವು. ಹೆಣ್ಣುಮಗಳು ಬಹುಕಾಲ ಹೊಸ್ತಿಲಾಚೆಯೇ ನಿಂತಳು. ದಲಿತರ ಮಕ್ಕಳ ಪಾಡಂತೂ ಹೇಳತೀರದು. ಹುಬ್ಬಳ್ಳಿಯಲ್ಲಿ ದಲಿತ ಬಾಲಕಿಯರಿಗಾಗಿ ಆಶ್ರಮ ನಡೆಸಿದ ಸರದಾರ ವೀರನಗೌಡ ಪಾಟೀಲ ಮತ್ತು ನಾಗಮ್ಮತಾಯಿ ದಂಪತಿಗಳಂಥವರು ವಿರಳ. ಜಾತಿಭೇದವಿಲ್ಲದೆ ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದಾಗಲೇ ದಾಸೋಹವೆಂಬ ಮಾತಿಗೆ ಪೂರ್ಣಾರ್ಥ ಬಂದಿತು.

ಇಂದು ತಾಲ್ಲೂಕುಗಳಲ್ಲಿಯೂ ಕಾಲೇಜುಗಳಿವೆ. ಸರಕಾರದ ನಿಲಯಗಳೂ ವಿದ್ಯಾರ್ಥಿವೇತನಗಳೂ ಇವೆ. ಆದರೂ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿ ವಿಜ್ಞಾನದ ಮೊದಲ ಪಾಠದಲ್ಲಿ ಇಂಗ್ಲಿಷಿನೆದುರು ತಲೆತಗ್ಗಿಸಿ ಕೂರುತ್ತಾನೆ. ಪ್ರಶ್ನೆ ಕೇಳಲು ಅಂಜುವ ಅವನ ಮೌನವನ್ನು ನಾವು ಅಶ್ರದ್ಧೆಯೆಂದು ತಿಳಿಯುತ್ತೇವೆ. ಅವನ ಪಾಲಿಗೆ ಆ ಹಳೆಯ ಬಾಗಿಲು ಇನ್ನೂ ಅರೆ ಮುಚ್ಚಿಯೇ ಇದೆ.

ಈ ಪುಟಗಳನ್ನು ಓದುವ ಸದ್ಭಕ್ತರಲ್ಲಿ ಮತ್ತು ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಪ್ರಸಾದನಿಲಯದ ಪಂಕ್ತಿಯಿಂದ ಎದ್ದು ಬಂದವರು. ಧಾನ್ಯವನ್ನೂ ಧನವನ್ನೂ ಅವರು ಈಗಲೂ ನೀಡುತ್ತಿದ್ದಾರೆ, ಅದು ಸ್ತುತ್ಯ. ಅದರ ಜೊತೆಗೆ ಕಾಲೇಜು ಸೇರುವ ಮುನ್ನಿನ ಬೇಸಗೆಯ ರಜೆಯಲ್ಲಿ ಒಬ್ಬ ಹುಡುಗನಿಗೋ ಹುಡುಗಿಗೋ ಇಂಗ್ಲಿಷನ್ನೋ ಗಣಿತವನ್ನೋ ದಿನಕ್ಕೊಂದು ಗಂಟೆ ಹೇಳಿಕೊಟ್ಟರೆ, ಉಂಡ ಅನ್ನದ ಋಣ ಸ್ವಲ್ಪವಾದರೂ ತೀರೀತು. ಹೊಸ್ತಿಲಲ್ಲಿ ನಿಂತವನ ಯೋಗ್ಯತೆಯನ್ನು ಅಳೆಯುವ ಮೊದಲು, ಆ ಹೊಸ್ತಿಲನ್ನು ನಮಗೆ ದಾಟಿಸಿದ ಕೈಗಳನ್ನು ನೆನೆಯೋಣ.