ಲೌರಿಸ್ಟಿನ್, ಮಾರ್ಯು

ಲೌರಿಸ್ಟಿನ್, ಮಾರ್ಯು (ಜನನ 1940): ಎಸ್ಟೋನಿಯದ ರಾಜಕಾರಣಿ, ಮಾಧ್ಯಮ ವಿದ್ವಾಂಸೆ. ಹುಟ್ಟಿದ್ದು ಟಾಲಿನ್‌ನಲ್ಲಿ, ಏಪ್ರಿಲ್ 7ರಂದು. ಅದೇ ವರ್ಷ ಸೋವಿಯತ್ ಒಕ್ಕೂಟ ಎಸ್ಟೋನಿಯವನ್ನು ಕಬಳಿಸಿತು. ಹೊಸ ಸೋವಿಯತ್ ಗಣರಾಜ್ಯದ ಸರ್ಕಾರಕ್ಕೆ ಮುಖ್ಯಸ್ಥರಾದವರು ಇವರ ತಂದೆ ಯೊಹಾನ್ನೆಸ್ ಲೌರಿಸ್ಟಿನ್; ಅವರು ಮರುವರ್ಷವೇ ತೀರಿಕೊಂಡರು. ತಾಯಿ ಓಲ್ಗಾ ಕೂಡ ಕಮ್ಯುನಿಸ್ಟ್ ನಾಯಕಿ. ತಂದೆ ಕಟ್ಟಲು ನೆರವಾದ ವ್ಯವಸ್ಥೆಯನ್ನು ಕಳಚುವವರ ಮುಂಚೂಣಿಯಲ್ಲಿ ಮಗಳು ನಿಂತದ್ದು ಎಸ್ಟೋನಿಯದ ಇತಿಹಾಸದ ದೊಡ್ಡ ವ್ಯಂಗ್ಯಗಳಲ್ಲೊಂದು.

ಟಾರ್ಟು ವಿಶ್ವವಿದ್ಯಾಲಯದಲ್ಲಿ ಓದಿ, ಅಲ್ಲೇ ಪತ್ರಿಕೋದ್ಯಮ ಕಲಿಸಿದರು. ರಷ್ಯೀಕರಣವನ್ನು ಪ್ರಶ್ನಿಸಿ 40 ಬುದ್ಧಿಜೀವಿಗಳು 1980ರಲ್ಲಿ ಬರೆದ ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಆಗಿನ್ನೂ ಕಮ್ಯುನಿಸ್ಟ್ ಪಕ್ಷದ ಸದಸ್ಯೆಯಾಗಿದ್ದವರಿಗೆ ಇದು ಸಣ್ಣ ಧೈರ್ಯವಲ್ಲ. 1988ರಲ್ಲಿ ರಾಜಕಾರಣಿ ಎಡ್ಗರ್ ಸಾವಿಸಾರ್ ಮೊದಲಾದವರೊಂದಿಗೆ ಎಸ್ಟೋನಿಯದ ಸ್ವಾಯತ್ತತೆಯ ಚಳವಳಿಯಾದ ಜನತಾ ರಂಗವನ್ನು ಸ್ಥಾಪಿಸಿದರು. ಮರುವರ್ಷ ಮಾಸ್ಕೋದ ಜನಪ್ರತಿನಿಧಿಗಳ ಮಹಾಸಭೆಗೆ ಆಯ್ಕೆಯಾಗಿ, ಸೋವಿಯತ್ ಒಕ್ಕೂಟ ಮತ್ತು ನಾಜಿ ಜರ್ಮನಿಯ ನಡುವಿನ 1939ರ ಮೊಲೊಟೊವ್-ರಿಬೆನ್‌ಟ್ರಾಪ್ ಒಪ್ಪಂದವನ್ನು ಪರಿಶೀಲಿಸಿದ ಯಾಕೊವ್ಲೆವ್ ಆಯೋಗದಲ್ಲಿ ದುಡಿದರು. ಬಾಲ್ಟಿಕ್ ದೇಶಗಳನ್ನು ಪ್ರಭಾವ ವಲಯಗಳಾಗಿ ಹಂಚಿಕೊಂಡಿದ್ದ ಒಪ್ಪಂದದ ರಹಸ್ಯ ಕರಾರುಗಳನ್ನು ಮಹಾಸಭೆ 1989ರ ಡಿಸೆಂಬರ್‌ನಲ್ಲಿ ಖಂಡಿಸಿತು. ಬಾಲ್ಟಿಕ್ ದೇಶಗಳ ವಾದಕ್ಕೆ ಮಾಸ್ಕೋದಲ್ಲೇ ದೊರೆತ ಈ ಮನ್ನಣೆಯ ತೂಕ ಅವರು ಮುಂದೆ ಪಡೆದ ಯಾವ ಹುದ್ದೆಗಿಂತಲೂ ಹೆಚ್ಚಿನದು.

ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ ನಾಯಕಿಯಾಗಿ, ಮತ್ತೆ ಸ್ವತಂತ್ರವಾದ ಎಸ್ಟೋನಿಯದ ಪ್ರಧಾನಿ ಮಾರ್ಟ್ ಲಾರ್ ಸರ್ಕಾರದಲ್ಲಿ ಸಮಾಜ ವ್ಯವಹಾರಗಳ ಸಚಿವೆಯಾದರು (1992-94). ಮಾರುಕಟ್ಟೆ ಸುಧಾರಣೆಯ ಆ ಬಿರುಸಿನ ದಿನಗಳಲ್ಲಿ ಪಿಂಚಣಿ, ಆರೋಗ್ಯಗಳ ಹೊಣೆ ಹೊತ್ತದ್ದು ಸುಲಭದ ಕೆಲಸವಾಗಿರಲಿಲ್ಲ. ಬಳಿಕ ಟಾರ್ಟುವಿನಲ್ಲಿ ಪ್ರಾಧ್ಯಾಪಕಿ. 2014ರಲ್ಲಿ ಯುರೋಪಿಯನ್ ಸಂಸತ್ತಿಗೆ ಆಯ್ಕೆಯಾದ ಇವರು 2017ರಲ್ಲಿ ಆ ಸ್ಥಾನ ಬಿಟ್ಟು ಟಾರ್ಟು ನಗರಸಭೆಯನ್ನು ಸೇರಿದರು.